ಶಾನಭಾಗ: ಹುದ್ದೆಯಿಂದ ಬಂದ ಅಡ್ಡಹೆಸರು

ಶಾನಭಾಗ ಎಂಬ ಅಡ್ಡಹೆಸರು ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಕೊಂಕಣಿ ಮಾತಾಡುವ ಗೌಡ ಸಾರಸ್ವತರಲ್ಲಿ ಹೆಚ್ಚು. ಶಾನುಭೋಗ, ಶ್ಯಾನಭಾಗ, ಶಾನಭೋಗ ಎಂದೂ ಬರೆಯುವುದುಂಟು. ಇದು ವಂಶದ ಹೆಸರಲ್ಲ, ಊರಿನ ಲೆಕ್ಕ ಬರೆಯುವವನ ಹುದ್ದೆಯ ಹೆಸರು.

ಶಾಸನಗಳ ಸೇನಬೋವ

ಹಳಗನ್ನಡ ಶಾಸನಗಳಲ್ಲಿ ಈ ಅಧಿಕಾರಿ ಸೇನಬೋವ. ಊರಿನ ಲೆಕ್ಕ ಇಡುವುದರ ಜೊತೆಗೆ ದಾನಶಾಸನದ ಪಾಠವನ್ನು ಬರೆದವನೂ ಎಷ್ಟೋ ಕಡೆ ಇವನೇ. ಅಕ್ಷರ ಬಲ್ಲವರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಬರವಣಿಗೆಯ ಕೆಲಸವೆಲ್ಲ ಅವನಿಗೇ ಬರುತ್ತಿದ್ದುದು ಸಹಜ. ಉತ್ತರ ಕರ್ನಾಟಕ ಮತ್ತು ಮಹಾರಾಷ್ಟ್ರದಲ್ಲಿ ಇದೇ ಕೆಲಸಕ್ಕೆ ಕುಲಕರ್ಣಿ, ಆಂಧ್ರದಲ್ಲಿ ಕರಣಂ ಎಂಬ ಹೆಸರಿತ್ತು. ಕುಲಕರ್ಣಿಯೂ ಹೀಗೆಯೇ ಅಡ್ಡಹೆಸರಾಗಿ ನಿಂತಿತು.

ಕೆಲಸ ಮತ್ತು ಕಡತ

ಪಟೇಲ ಕಂದಾಯ ವಸೂಲಿ ಮಾಡಿದರೆ, ಯಾರ ಹೊಲ ಎಷ್ಟು, ಯಾವ ಬೆಳೆ, ಎಷ್ಟು ಬಾಕಿ ಎಂಬುದನ್ನು ಬರೆದಿಡುತ್ತಿದ್ದವನು ಶಾನುಭೋಗ. ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ, ಅಂದರೆ ಕಂದಾಯ ಲೆಕ್ಕದ ತಪಾಸಣೆಯಲ್ಲಿ, ಆ ಲೆಕ್ಕವನ್ನು ಒಪ್ಪಿಸಬೇಕಿತ್ತು. ಹಿಂದೆ ಇದಕ್ಕೆ ಬಳಕೆಯಲ್ಲಿದ್ದದ್ದು ಕಡತ: ಹುಣಿಸೆಬೀಜದ ಸರಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ. ಬಳಪದಲ್ಲಿ ಬರೆಯಬಹುದು, ಅಳಿಸಿ ಮತ್ತೆ ಬರೆಯಬಹುದು. ಈ ಅಳಿಸುವ ಅನುಕೂಲದಲ್ಲೇ ಶಾನುಭೋಗನ ಬಲವೂ ಇತ್ತು. ಓದಲಾರದ ರೈತನಿಗೆ ತನ್ನ ಜಮೀನಿನ ಬಗ್ಗೆ ಆ ಪುಸ್ತಕ ಏನು ಹೇಳುತ್ತದೆಂದು ತಿಳಿಯಲು ಅವನನ್ನು ನಂಬುವುದಷ್ಟೇ ದಾರಿ. ಪ್ರಾಮಾಣಿಕನಿದ್ದಲ್ಲಿ ಊರಿಗೆ ನೆರಳು, ಇಲ್ಲದಿದ್ದಲ್ಲಿ ತಲೆಮಾರುಗಳ ವ್ಯಾಜ್ಯ. ಈ ಹೆಸರನ್ನು ಹೇಳುವಾಗ ಎರಡನ್ನೂ ನೆನೆಯಬೇಕೆಂದು ನನಗೆ ಅನಿಸುತ್ತದೆ.

ಹುದ್ದೆ ಹೋಯಿತು, ಹೆಸರು ಉಳಿಯಿತು

ಶಾನುಭೋಗಿಕೆ ತಂದೆಯಿಂದ ಮಗನಿಗೆ ಬರುತ್ತಿತ್ತು. ಹಲವು ತಲೆಮಾರು ಒಂದೇ ಮನೆಯಲ್ಲಿ ಉಳಿದಾಗ ಹುದ್ದೆಯೇ ಮನೆಯ ಗುರುತಾಯಿತು. ಹಳೆಯ ಮೈಸೂರು ಸೀಮೆಯಲ್ಲಿ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳೇ ಸಾಕಾಗುತ್ತಿದ್ದುದರಿಂದ ಅಲ್ಲಿ ಶಾನುಭೋಗರು ಎಂಬುದು ಹೆಚ್ಚಾಗಿ ಗೌರವದ ಕರೆಯಾಗಿಯೇ ಉಳಿಯಿತು. ಕೆ.ಎಸ್. ನರಸಿಂಹಸ್ವಾಮಿಯವರ ‘ಶಾನುಭೋಗರ ಮಗಳು’ ಕವಿತೆಯ ಶಾನುಭೋಗರೂ ಹುದ್ದೆಯವರೇ. ಅಡ್ಡಹೆಸರು ಇಟ್ಟುಕೊಳ್ಳುವ ರೂಢಿಯಿದ್ದ ಕರಾವಳಿಯಲ್ಲಿ ಮಾತ್ರ ಅದು ಗಟ್ಟಿಯಾಗಿ ಅಂಟಿತು. ಕಥೆಗಾರ ವಿವೇಕ ಶಾನಭಾಗರ ಹೆಸರಿನಲ್ಲಿರುವುದು ಈ ರೂಪ.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದು ವಂಶಪಾರಂಪರ್ಯ ಶಾನುಭೋಗಿಕೆ ಮುಗಿಯಿತು. ಆ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು.

ಮೂಲ ಹುಡುಕುವವರಿಗೆ

ಊರೂರಿಗೂ ಲೆಕ್ಕದವರಿದ್ದುದರಿಂದ ಒಂದೇ ಅಡ್ಡಹೆಸರಿನ ಎರಡು ಮನೆಗಳು ನೆಂಟರೇ ಆಗಿರಬೇಕಿಲ್ಲ. ಮನೆತನದ ಬೇರು ತಿಳಿಯಲು ಗೋತ್ರ, ಕುಲದೇವರು, ಮೂಲ ಊರು ಇವೇ ಹೆಚ್ಚು ನೆರವಾಗುತ್ತವೆ. ಸಾರಸ್ವತ ಶಾನಭಾಗರಲ್ಲಿ ಅನೇಕರ ಕುಲದೇವರು ಇಂದಿಗೂ ಗೋವೆಯಲ್ಲಿದ್ದಾರೆ.