ತೆಂಗಿನ ಸೀಮೆಯ ಹಳ್ಳಿಯ ಶಾಲೆಗಳು: ಒಡೆತನದ ಒಂದು ವಿಚಾರ

ತುಮಕೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಒಂದನ್ನೊಂದು ತಾಗಿಕೊಂಡಿರುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬ ಮೂರು ತಾಲ್ಲೂಕುಗಳನ್ನು ತೆಂಗಿನ ಸೀಮೆಯೆಂದು ಕರೆಯುವುದುಂಟು. ಅರಳುಗುಪ್ಪೆಯ ಕಲ್ಲೇಶ್ವರ, ವಿಘ್ನಸಂತೆಯ ಲಕ್ಷ್ಮೀನರಸಿಂಹ, ತುರುವೇಕೆರೆಯ ಚೆನ್ನಿಗರಾಯ ಮುಂತಾದ ದೇವಾಲಯಗಳನ್ನು ಕುರಿತು ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಆದರೆ ಅವೇ ಊರುಗಳಲ್ಲಿ ಮಕ್ಕಳಿಗೆ ಅಕ್ಷರವನ್ನು ಕಲಿಸಿದ ಶಾಲೆಗಳನ್ನು ಯಾರು ನಡೆಸಿದರು, ಯಾರ ಹಣದಿಂದ ಅವು ನಡೆದವು, ಅವುಗಳ ಫಲವನ್ನು ಯಾರು ಅಳೆದರು ಎಂಬ ವಿಷಯವು ಚರಿತ್ರಕಾರರ ಗಮನಕ್ಕೆ ಅಷ್ಟಾಗಿ ಬಿದ್ದಂತೆ ತೋರುವುದಿಲ್ಲ. ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಂಡಿದೆ.

ಹಿಂದಿನ ಸ್ಥಿತಿಯಿಂದ ಆರಂಭಿಸಬೇಕು. ಅಗ್ರಹಾರಗಳಲ್ಲಿ ನಡೆಯುತ್ತಿದ್ದ ವೇದಶಾಸ್ತ್ರಗಳ ಅಧ್ಯಯನವು ಬೇರೆ ಮಾತು. ಅದು ಊರಿನ ಸಾಮಾನ್ಯ ಪ್ರಜೆಗೆ ಸಂಬಂಧಪಟ್ಟುದಲ್ಲ. ಒಕ್ಕಲಿನ, ವ್ಯಾಪಾರಿಯ, ಶಾನುಭೋಗನ ಮಕ್ಕಳು ಕಲಿಯುತ್ತಿದ್ದುದು ಕೂಲಿಮಠದಲ್ಲಿ. ಯಾವುದೋ ಮನೆಯ ಜಗಲಿಯೋ ಗುಡಿಯ ಮಂಟಪವೋ ಅದಕ್ಕೆ ಸ್ಥಳ. ಮರಳಿನ ಮೇಲೆ ಬೆರಳಿನಿಂದ ತಿದ್ದಿ, ಬಳಿಕ ಕರಿಯ ಕಡತದ ಮೇಲೆ ಬಳಪದಿಂದ ಬರೆದು, ಕಾಲುಮಗ್ಗಿ ಅರೆಮಗ್ಗಿ ಮುಕ್ಕಾಲುಮಗ್ಗಿಗಳನ್ನು ಒಕ್ಕೊರಲಿನಿಂದ ಬಾಯಿಪಾಠ ಮಾಡಿ, ಹುಡುಗನು ಪತ್ರವನ್ನು ಓದುವ, ಲೆಕ್ಕವನ್ನು ಒಪ್ಪಿಸುವ ಮಟ್ಟಕ್ಕೆ ಬರುತ್ತಿದ್ದನು. ಅಯ್ಯನವರಿಗೆ ಸಲ್ಲುತ್ತಿದ್ದುದು ಧಾನ್ಯ, ಕಾಯಿ, ಕಾಸು. ಮಾರ್ನಾಮಿ ಬಂದಿತೆಂದರೆ ಹುಡುಗರು ಸಾಲಾಗಿ ಮನೆಮನೆಗೆ ಹೋಗಿ ಚೌಪದಗಳನ್ನು ಹಾಡಿ ಗುರುಗಳಿಗೆ ಕಾಣಿಕೆಯನ್ನು ಕೂಡಿಸುತ್ತಿದ್ದರು. ಇದನ್ನು ಕೇವಲ ಹಬ್ಬದ ವಿನೋದವೆಂದು ಎಣಿಸಲಾಗದು. ಮಕ್ಕಳ ಬಾಯಲ್ಲಿ ಪದವು ಸ್ಪಷ್ಟವಾಗಿ ಬಂದಿತೇ, ಗುರುವು ವರ್ಷವೆಲ್ಲ ಮಾಡಿದುದೇನು ಎಂಬುದನ್ನು ಊರವರು ತಮ್ಮ ತಮ್ಮ ಬಾಗಿಲಲ್ಲೇ ನಿಂತು ಪರೀಕ್ಷಿಸುತ್ತಿದ್ದರು. ಇನ್‌ಸ್ಪೆಕ್ಟರು ಎಂಬ ಹೆಸರು ಈ ಸೀಮೆಗೆ ಬರುವುದಕ್ಕೆ ಮೊದಲು ಇದ್ದ ತನಿಖೆ ಇದೇ.

ಹೀಗಿದ್ದರೂ ಆ ಊರೆಂಬುದು ಪೂರ್ಣವಾದ ಊರಾಗಿರಲಿಲ್ಲ. ಹೊಲಗೇರಿಯ ಮಕ್ಕಳಿಗೆ ಕೂಲಿಮಠದ ಜಗಲಿಯಲ್ಲಿ ಸ್ಥಳವಿರಲಿಲ್ಲ. ಹೆಣ್ಣುಮಕ್ಕಳಿಗೂ ಸಾಮಾನ್ಯವಾಗಿ ಇರಲಿಲ್ಲ. ಕೂಲಿಮಠವನ್ನು ಹೊಗಳಿ ಬರೆಯುವವರು ಈ ಸಂಗತಿಯನ್ನು ಒಂದು ವಾಕ್ಯದಲ್ಲಿ ಮುಗಿಸಿ ಮುಂದೆ ಹೋಗುವುದುಂಟು. ನಮ್ಮ ವಿಚಾರಕ್ಕೆ ಇದೇ ಮುಖ್ಯವಾದುದರಿಂದ ಮುಂದೆ ಮತ್ತೆ ಪ್ರಸ್ತಾಪಿಸಬೇಕಾಗುತ್ತದೆ.

ಮೈಸೂರು ಸೀಮೆಯಲ್ಲಿ ಸರ್ಕಾರದ ವಿದ್ಯಾ ಇಲಾಖೆಯು 1857ರಲ್ಲಿ ಸ್ಥಾಪಿತವಾಯಿತು. ಮೊದಲ ಹತ್ತು ವರ್ಷಗಳಲ್ಲಿ ಅದರ ದೃಷ್ಟಿಯು ಹೆಚ್ಚಾಗಿ ಪಟ್ಟಣಗಳ ಕಡೆಗೇ ಇತ್ತು. ಹಳ್ಳಿಗೆ ಶಾಲೆಯನ್ನು ಕೊಂಡೊಯ್ದುದು 1868ರ ಹೋಬಳಿ ಶಾಲೆಗಳ ಯೋಜನೆ. ಇದನ್ನು ರೂಪಿಸಿದವರು ಇಲಾಖೆಯ ಅಧಿಕಾರಿಯಾಗಿದ್ದ ಬಿ. ಎಲ್. ರೈಸ್ ಅವರು, ಆಗ ಕಮಿಷನರಾಗಿದ್ದವರು ಬೌರಿಂಗ್. ಇದೇ ರೈಸ್ ಅವರು 1904ರಲ್ಲಿ ಎಪಿಗ್ರಾಫಿಯಾ ಕರ್ಣಾಟಿಕದ ಹನ್ನೆರಡನೆಯ ಸಂಪುಟವಾಗಿ ತುಮಕೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರೆಂಬುದನ್ನು ವಾಚಕರು ಬಲ್ಲರು. ಶಾಸನಗಳಿಗಾಗಿ ಅವರನ್ನು ನೆನೆಯುವ ನಾವು ಶಾಲೆಗಳಿಗಾಗಿ ನೆನೆಯುವುದು ಅಪರೂಪ.

ಯೋಜನೆಯ ತಿರುಳು ಸರಳವಾದುದು. ಪ್ರತಿಯೊಂದು ಹೋಬಳಿಯಲ್ಲಿಯೂ ಒಂದು ಕನ್ನಡ ಶಾಲೆಯಿರಬೇಕು. ಕಟ್ಟಡವನ್ನು ಊರವರು ಒದಗಿಸಬೇಕು. ಉಪಾಧ್ಯಾಯನಿಗೆ ಸಂಬಳವನ್ನು ಸರ್ಕಾರವು ಕೊಡಬೇಕು. ಆ ಉಪಾಧ್ಯಾಯನನ್ನು ಆದಷ್ಟು ಮಟ್ಟಿಗೆ ಆಗಲೇ ಪಾಠ ಹೇಳುತ್ತಿದ್ದ ಹಳ್ಳಿಯ ಅಯ್ಯಗಳಿಂದಲೇ ಆರಿಸಿ, ನಾರ್ಮಲ್ ಸ್ಕೂಲಿನಲ್ಲಿ ಶಿಕ್ಷಣವನ್ನು ಕೊಟ್ಟು ಕಳುಹಿಸಬೇಕು. ಈ ಕೊನೆಯ ಅಂಶದಲ್ಲಿ ರೈಸ್ ಅವರ ವಿವೇಕವು ಕಾಣುತ್ತದೆ. ಹೊರಗಿನವನನ್ನು ತಂದು ಕೂರಿಸಿದ್ದರೆ ಊರವರು ಮಕ್ಕಳನ್ನು ಕಳುಹಿಸುತ್ತಿದ್ದರೋ ಇಲ್ಲವೋ. ತಮ್ಮ ಅಯ್ಯನವರೇ ತರಬೇತಾಗಿ ಹಿಂದಿರುಗಿದಾಗ ಶಂಕೆಗೆ ಅವಕಾಶವು ಕಡಮೆ.

ಈಗ ಈ ಮೂರು ತಾಲ್ಲೂಕುಗಳಲ್ಲಿ ಒಟ್ಟು 13 ಹೋಬಳಿಗಳಿವೆ. ಕಸಬೆಗಳನ್ನು ಬಿಟ್ಟರೆ ತಿಪಟೂರಿನಲ್ಲಿ ಹೊನ್ನವಳ್ಳಿ, ಕಿಬ್ಬನಹಳ್ಳಿ, ನೊಣವಿನಕೆರೆ. ತುರುವೇಕೆರೆಯಲ್ಲಿ ದಂಡಿನಶಿವರ, ದಬ್ಬೇಘಟ್ಟ, ಮಾಯಸಂದ್ರ. ಚಿಕ್ಕನಾಯಕನಹಳ್ಳಿಯಲ್ಲಿ ಹುಳಿಯಾರು, ಕಂದಿಕೆರೆ, ಶೆಟ್ಟಿಕೆರೆ, ಹಂದನಕೆರೆ. ಹೊನ್ನವಳ್ಳಿಯು 1886ರವರೆಗೆ ತಾಲ್ಲೂಕಿನ ಮುಖ್ಯಸ್ಥಳವೇ ಆಗಿದ್ದಿತು. ಆ ಪದವಿಯು ಬಳಿಕ ತಿಪಟೂರಿಗೆ ಸಂದಿತು. ಕಚೇರಿ ಎಲ್ಲಿಗೆ ಹೋಯಿತೋ ಮೇಲಿನ ತರಗತಿಗಳ ಶಾಲೆಗಳೂ ಅಲ್ಲಿಗೇ ಹೋಗುವುದು ಸಹಜ. ರೈಲ್ವೆಯೂ ಕೊಬ್ಬರಿಯ ಮಂಡಿಯೂ ತಿಪಟೂರಿನಲ್ಲಿ ಬೆಳೆದುದು ಇದಕ್ಕೆ ಒತ್ತಾಸೆಯಾಯಿತು.

ಒಂದು ಹೋಬಳಿಗೆ ಒಂದು ಶಾಲೆಯೆಂಬುದು ಕಾಗದದ ಮೇಲೆ ಸುಲಭವಾದ ಲೆಕ್ಕ. ಈ ಸೀಮೆಯ ನೆಲದ ಮೇಲೆ ಅದು ಅಷ್ಟು ಸುಲಭವಲ್ಲ. ಇಲ್ಲಿನ ಜನವಸತಿಯು ದೊಡ್ಡ ಊರುಗಳಲ್ಲಿ ಕೂಡಿಲ್ಲ. ಕೆರೆಯ ಹಿಂದೆ ಒಂದು ಪಾಳ್ಯ, ತೋಟದಾಚೆ ಒಂದು ಗೊಲ್ಲರಹಟ್ಟಿ, ಗುಡ್ಡದ ಬದಿಗೆ ಒಂದು ತಾಂಡ ಎಂಬಂತೆ ಚದರಿಕೊಂಡಿದೆ. ಏಳು ವರ್ಷದ ಕೂಸು ಎಷ್ಟು ದೂರ ನಡೆದೀತು? ಈ ಪ್ರಶ್ನೆಗೆ ಉತ್ತರವಾಗಿಯೇ ಮುಂದಿನ ನೂರು ವರ್ಷಗಳಲ್ಲಿ ಹೋಬಳಿಯಿಂದ ಊರಿಗೆ, ಊರಿನಿಂದ ಹಟ್ಟಿಗೆ ಶಾಲೆಗಳು ಇಳಿದುವು. ಶಾಲೆಯು ಹತ್ತಿರವಾದಷ್ಟೂ ಚಿಕ್ಕದಾಯಿತು.

ಬೆಳೆಯ ಸ್ವಭಾವವನ್ನೂ ಇಲ್ಲಿ ಗಮನಿಸಬೇಕು. ರಾಗಿಯ ಕೊಯ್ಲು ಬಂದಾಗ ಕೆಲವು ವಾರ ಶಾಲೆ ಬರಿದಾಗುವುದು ಮೈಸೂರು ಸೀಮೆಯಲ್ಲೆಲ್ಲ ಕಂಡ ಸಂಗತಿ. ತೆಂಗಿನ ಕೆಲಸಕ್ಕಾದರೋ ಅಂತಹ ಒಂದು ಸುಗ್ಗಿಯಿಲ್ಲ. ಕಾಯಿ ಕೆಡವುವುದು, ಹೊತ್ತು ಅಟ್ಟಕ್ಕೆ ಸೇರಿಸುವುದು, ಹತ್ತು ಹನ್ನೊಂದು ತಿಂಗಳು ಅದು ಅಟ್ಟದ ಮೇಲೆ ಒಣಗಿ ಉಂಡೆ ಕೊಬ್ಬರಿಯಾದ ಮೇಲೆ ಸುಲಿದು ಆರಿಸುವುದು, ಬಿದ್ದ ಗರಿಗಳನ್ನು ಆಯುವುದು, ಇವೆಲ್ಲ ವರ್ಷದುದ್ದಕ್ಕೂ ಬಿಡಿಬಿಡಿಯಾಗಿ ನಡೆಯುವುವು. ಆದುದರಿಂದ ಹಾಜರಿಯ ನಷ್ಟವೂ ಇಲ್ಲಿ ಬಿಡಿಬಿಡಿಯಾದುದು. ಹುಡುಗನು ತಿಂಗಳುಗಟ್ಟಲೆ ತಪ್ಪುವುದಿಲ್ಲ, ವಾರಕ್ಕೊಂದು ದಿನ ತಪ್ಪುತ್ತಾನೆ. ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ, ಪಾಠವು ಜಾರುತ್ತದೆ. ದಾಖಲಾದ ಮಕ್ಕಳ ಸಂಖ್ಯೆಯಿಂದ ಮಾತ್ರ ಶಾಲೆಯ ಯೋಗ್ಯತೆಯನ್ನು ಅಳೆಯುವ ಪದ್ಧತಿಗೆ ಈ ನಷ್ಟವು ಕಾಣುವುದೇ ಇಲ್ಲ.

ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಕಾನೂನು ಬಂದಿತು. ಆರಿಸಿದ ಕೆಲವು ಸ್ಥಳಗಳಲ್ಲಿ ಕಡ್ಡಾಯವನ್ನು ಜಾರಿಗೆ ತರಲು ಅದು ಅವಕಾಶ ಕೊಟ್ಟಿತು. ಮಗನನ್ನು ಕಳುಹಿಸುವುದು ತಂದೆಯ ಇಚ್ಛೆಯಲ್ಲ, ಕರ್ತವ್ಯವೆಂಬ ಭಾವನೆಯು ಕಾನೂನಿನ ಭಾಷೆಯಲ್ಲಿ ಹಳ್ಳಿಗೆ ತಲಪಿದುದು ಆಗಲೇ.

ಆದರೆ ನನ್ನ ಅಭಿಪ್ರಾಯದಲ್ಲಿ ಕಡ್ಡಾಯದ ಕಾನೂನಿಗಿಂತಲೂ ದೊಡ್ಡ ಘಟನೆಯು ಅದೇ ದಶಕದ ಉತ್ತರಾರ್ಧದಲ್ಲಿ ನಡೆಯಿತು. ಸರ್ಕಾರದ ಶಾಲೆಗಳು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಬೇಕೆಂದು ಮೈಸೂರು ಸರ್ಕಾರವು ನಿರ್ಧರಿಸಿತು. ಇದರಲ್ಲಿ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಸಿ. ಆರ್. ರೆಡ್ಡಿಯವರ ಪಾತ್ರವು ದೊಡ್ಡದು. ಸಂಸ್ಥಾನದಲ್ಲಿ ಕೆಲವೆಡೆ ಮೇಲಿನ ಜಾತಿಯವರು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡರು. ಸರ್ಕಾರವು ಹಿಂದೆಗೆಯಲಿಲ್ಲ. ಊರವರು ಕಟ್ಟಿಕೊಟ್ಟ ಕಟ್ಟಡದೊಳಕ್ಕೆ, ಊರವರು ದೂರವಿಟ್ಟಿದ್ದ ಮಗುವನ್ನು ಕರೆತಂದುದು ಊರಲ್ಲ. ಎಲ್ಲಿಯೋ ಬೆಂಗಳೂರಿನಲ್ಲಿದ್ದ ಕಚೇರಿ. ಶಾಲೆಯು ಊರಿನದೇ ಸ್ವತ್ತಾಗಿ ಉಳಿದಿದ್ದರೆ ಆ ಬಾಗಿಲು ಎಂದು ತೆರೆಯುತ್ತಿದ್ದಿತೆಂದು ಹೇಳಲು ಸಾಧ್ಯವಿಲ್ಲ. ಹಳ್ಳಿಯ ಶಾಲೆಯು ಹಳ್ಳಿಯವರ ಕೈಯಲ್ಲಿಯೇ ಇರಬೇಕೆಂದು ವಾದಿಸುವವರು (ನಾನೂ ಬಹುಮಟ್ಟಿಗೆ ಆ ಪಕ್ಷದವನೇ) ಈ ಸಂಗತಿಗೆ ಉತ್ತರವನ್ನು ಕೊಡಬೇಕಾಗುತ್ತದೆ.

ಇನ್ನೊಂದು ಪಕ್ಷಕ್ಕೂ ಉತ್ತರಿಸಬೇಕಾದುದುಂಟು. ದೂರದ ಕಚೇರಿಯು ಬಾಗಿಲನ್ನು ತೆರೆಯಬಲ್ಲುದು. ಒಳಗೆ ಪಾಠವು ನಡೆಯಿತೇ ಎಂದು ದಿನವೂ ನೋಡಲಾರದು. ಉಪಾಧ್ಯಾಯನು ಸಂಬಳದ ನೌಕರನಾದ ಮೇಲೆ ಅವನು ಊರಿನ ಋಣದಿಂದ ಬಿಡುಗಡೆ ಹೊಂದಿದನು. ವರ್ಗಾವಣೆಯೆಂಬುದು ಬಂದಿತು. ಚೌಪದ ಹಾಡಿಸಿ ಕಾಣಿಕೆಯನ್ನು ಬೇಡುವ ದೈನ್ಯವು ತಪ್ಪಿದುದು ಒಳ್ಳೆಯದೇ. ಜೊತೆಗೆ ಊರಿನ ಪರೀಕ್ಷೆಯೂ ತಪ್ಪಿತು. ಅದರ ಸ್ಥಾನದಲ್ಲಿ ವರ್ಷಕ್ಕೆ ಒಂದೆರಡು ಸಲ ಬರುವ ಇನ್‌ಸ್ಪೆಕ್ಟರ ತನಿಖೆಯು ನಿಂತಿತು.

ಮುಂದಿನ ಆಡಳಿತದ ಬದಲಾವಣೆಗಳು ಈ ಎರಡು ಕೊನೆಗಳ ನಡುವಿನ ಓಲಾಟವೆಂದರೆ ತಪ್ಪಾಗದು. 1930ರ ಕಾನೂನಿನಿಂದ ಪ್ರಾಥಮಿಕ ಶಾಲೆಗಳು ಜಿಲ್ಲೆಯ ಸ್ಥಳೀಯ ವಿದ್ಯಾಧಿಕಾರ ಸಂಸ್ಥೆಗಳ ಕೈಗೆ ಹೋದುವು. ಹತ್ತು ವರ್ಷ ಕಳೆಯುವುದರೊಳಗೆ ಆ ಪ್ರಯೋಗದಲ್ಲಿ ವಿಶ್ವಾಸವು ಕುಗ್ಗಿ, 1941ರ ಕಾನೂನಿನಿಂದ ಸರ್ಕಾರವು ಅವನ್ನು ಮರಳಿ ತೆಗೆದುಕೊಂಡಿತು. ಏಕೀಕರಣದ ಬಳಿಕ 1961ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂದಿತು. 1987ರಲ್ಲಿ ಜಿಲ್ಲಾ ಪರಿಷತ್ತುಗಳು ಚುನಾಯಿತವಾದಾಗ ಶಾಲೆಗಳು ಮತ್ತೆ ಜಿಲ್ಲೆಯ ಕಡೆಗೆ ಸರಿದುವು. 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಏರ್ಪಟ್ಟು, ಮಕ್ಕಳ ತಂದೆತಾಯಿಗಳಿಗೇ ಶಾಲೆಯ ಮೇಲೆ ಕಣ್ಣಿಡುವ ಅಧಿಕಾರವು ದೊರೆಯಿತು. 2009ರ ಶಿಕ್ಷಣದ ಹಕ್ಕಿನ ಕಾನೂನು ಇಂತಹ ಸಮಿತಿಗಳಲ್ಲಿ ಮುಕ್ಕಾಲು ಪಾಲು ಪೋಷಕರೂ, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರೂ ಇರಬೇಕೆಂದು ವಿಧಿಸಿತು. ಕೂಲಿಮಠದ ಕಾಲದ ಊರಿಗೂ ಈ ಸಮಿತಿಗೂ ಇರುವ ಭೇದವು ಇದರಲ್ಲಿಯೇ ಇದೆ: ಅಂದು ಹೊರಗಿದ್ದವರು ಇಂದು ನ್ಯಾಯವಾಗಿ ಒಳಗೆ ಕುಳಿತಿದ್ದಾರೆ. ಆದರೆ ಉಪಾಧ್ಯಾಯರನ್ನು ನೇಮಿಸುವ, ವರ್ಗಾಯಿಸುವ ಅಧಿಕಾರವು ಸಮಿತಿಗೆ ಇಲ್ಲ. ಆ ಅಧಿಕಾರವು ಇಲಾಖೆಯಲ್ಲಿಯೇ ಉಳಿದಿದೆ. ಪ್ರತಿ ತಾಲ್ಲೂಕಿಗೂ ಒಬ್ಬ ಕ್ಷೇತ್ರ ಶಿಕ್ಷಣಾಧಿಕಾರಿ, ಅವರ ಮೇಲೆ ಜಿಲ್ಲೆಯ ಉಪನಿರ್ದೇಶಕರು. ತುಮಕೂರು ಜಿಲ್ಲೆಯನ್ನು ಶಿಕ್ಷಣದ ಆಡಳಿತಕ್ಕಾಗಿ ತುಮಕೂರು, ಮಧುಗಿರಿ ಎಂದು ಎರಡಾಗಿ ವಿಂಗಡಿಸಿದ್ದು, ನಮ್ಮ ಮೂರು ತಾಲ್ಲೂಕುಗಳು ಮೊದಲನೆಯದಕ್ಕೆ ಸೇರಿವೆ.

ಇನ್ನು ಫಲದ ಮಾತು. ಈ ಸೀಮೆಯ ಕೀರ್ತಿಯನ್ನು ಹೇಳುವವರು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರನ್ನೂ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ. ನಂ. ಶ್ರೀಕಂಠಯ್ಯನವರನ್ನೂ ಹೆಸರಿಸುವರು. ಅಭಿಮಾನಕ್ಕೆ ಇದು ತಕ್ಕುದೇ. ಆದರೆ ಇಬ್ಬರೂ ಊರನ್ನು ಬಿಟ್ಟು ದೊಡ್ಡ ಪಟ್ಟಣಗಳಲ್ಲಿ ವಿದ್ಯೆಯನ್ನು ಪಡೆದವರು. ಹೊರಟುಹೋದವರಿಂದ ಹಳ್ಳಿಯ ಶಾಲೆಯನ್ನು ಅಳೆಯುವುದು ಸರಿಯಲ್ಲ. ಊರಿನಲ್ಲಿಯೇ ಉಳಿದು ತೋಟವನ್ನು ನೋಡಿಕೊಂಡವನು ಮಂಡಿಯ ಚೀಟಿಯನ್ನು ತಾನೇ ಓದಿ ತೂಕವನ್ನೂ ದರವನ್ನೂ ಗುಣಿಸಿ ನೋಡಬಲ್ಲನೇ ಎಂಬುದೇ ತಕ್ಕ ಅಳತೆ. 2011ರ ಜನಗಣತಿಯಲ್ಲಿ ತುಮಕೂರು ಜಿಲ್ಲೆಯ ಅಕ್ಷರಸ್ಥರು ನೂರಕ್ಕೆ ಸುಮಾರು 75. ರಾಜ್ಯದ ಸರಾಸರಿಯೂ ಹೆಚ್ಚುಕಡಮೆ ಅಷ್ಟೇ. ಮೇಲಿಂದ ನೋಡಿದರೆ ಸಾಧಾರಣ. ಮರಳು, ಕಡತಗಳಿಂದ ಹೊರಟ ದಾರಿಯನ್ನು ನೆನೆದರೆ ಅಷ್ಟು ಸಾಧಾರಣವಲ್ಲ.

ಈಗ ಹಟ್ಟಿಗಳ, ಪಾಳ್ಯಗಳ ಶಾಲೆಗಳೇ ಚಿಂತೆಗೆ ಒಳಗಾಗಿವೆ. ಮನೆಗೆ ಮಕ್ಕಳು ಕಡಮೆ. ಇದ್ದವರಲ್ಲಿ ಕೆಲವರನ್ನು ಖಾಸಗಿ ಶಾಲೆಯ ವ್ಯಾನು ಬೆಳಗ್ಗೆಯೇ ಪಟ್ಟಣಕ್ಕೆ ಒಯ್ಯುತ್ತದೆ. ಅತ್ಯಲ್ಪ ಸಂಖ್ಯೆಯ ಮಕ್ಕಳಿರುವ ಶಾಲೆಗಳನ್ನು ನೆರೆಯ ಶಾಲೆಯೊಡನೆ ಸೇರಿಸುವ ಕ್ರಮವು 2011ರ ಸುಮಾರಿನಿಂದ ರಾಜ್ಯದಲ್ಲಿ ಆಗಾಗ್ಗೆ ಕಾಣಿಸಿಕೊಂಡಿದೆ. 2018ರಿಂದೀಚೆಗೆ ಹೋಬಳಿಗಳ ಮಟ್ಟದಲ್ಲಿ ಕರ್ನಾಟಕ ಪಬ್ಲಿಕ್ ಶಾಲೆಗಳೆಂಬ ದೊಡ್ಡ ಶಾಲೆಗಳನ್ನು ಬೆಳೆಸುವ ಪ್ರಯತ್ನವೂ ನಡೆದಿದೆ. ಹೋಬಳಿಗೊಂದು ಶಾಲೆಯೆಂಬ 1868ರ ಲೆಕ್ಕವು ಬೇರೊಂದು ವೇಷದಲ್ಲಿ ಹಿಂದಿರುಗಿದಂತಿದೆ. ದೊಡ್ಡ ಶಾಲೆಯಲ್ಲಿ ತರಗತಿಗೊಬ್ಬ ಉಪಾಧ್ಯಾಯನಿರುವನು, ಪ್ರಯೋಗಶಾಲೆಯಿರುವುದು. ಇದು ಅಲ್ಲಗಳೆಯುವ ಮಾತಲ್ಲ. ಆದರೆ ಏಳು ವರ್ಷದ ಕೂಸಿನ ನಡಿಗೆಯು ಈ ನೂರೈವತ್ತು ವರ್ಷಗಳಲ್ಲಿ ಏನೂ ಹೆಚ್ಚಿಲ್ಲ. ವಾರಕ್ಕೊಂದು ದಿನ ತಪ್ಪುತ್ತಿದ್ದ ಮಗುವು ಬಸ್ಸಿಲ್ಲದ ಹಾದಿಯಲ್ಲಿ ಎಷ್ಟು ದಿನ ತಪ್ಪೀತೆಂಬುದನ್ನು ಸೇರಿಸುವುದಕ್ಕೆ ಮುಂಚೆಯೇ ಎಣಿಸಬೇಕು.

ಸಂಶೋಧಕರು ಕೂಡಲೇ ಮಾಡಬೇಕಾದ ಕೆಲಸವೊಂದಿದೆ. ಪ್ರತಿಯೊಂದು ಹಳೆಯ ಶಾಲೆಯಲ್ಲಿಯೂ ಸೇರ್ಪಡೆಯ ಪುಸ್ತಕ, ಹಾಜರಿಯ ಪುಸ್ತಕ, ತನಿಖೆಯ ಪುಸ್ತಕಗಳಿರುತ್ತವೆ. ಯಾವ ವರ್ಷ ಯಾವ ಕೇರಿಯ ಮಗುವಿನ ಹೆಸರು ಮೊದಲು ಬಂದಿತು, ಮೊದಲ ಹೆಣ್ಣುಮಗುವಿನ ಹೆಸರು ಯಾವ ಸಾಲಿನಲ್ಲಿದೆ, ಅವರು ಎಷ್ಟನೆಯ ತರಗತಿಯಲ್ಲಿ ಬಿಟ್ಟುಹೋದರು ಎಂಬುದಕ್ಕೆ ಇವುಗಳಿಗಿಂತ ಉತ್ತಮವಾದ ಸಾಕ್ಷ್ಯವಿಲ್ಲ. ಸರ್ಕಾರದ ವರದಿಗಳಲ್ಲಿ ಸಂಖ್ಯೆಗಳಿರುವುವು, ಹೆಸರುಗಳಿರುವುದಿಲ್ಲ. ಶಾಲೆಯನ್ನು ಸೇರಿಸುವಾಗ ಬೆಂಚು ಪೆಟ್ಟಿಗೆಗಳ ಜೊತೆಗೆ ಈ ಪುಸ್ತಕಗಳೂ ಗಾಡಿಯೇರುವುವು. ಹಳೆಯವು ಮೂಲೆಗೆ ಬಿದ್ದು ಗೆದ್ದಲಿನ ಪಾಲಾಗುವ ಭಯವುಂಟು. ಹದಿಮೂರು ಹೋಬಳಿಗಳಲ್ಲಿ ಹೋಬಳಿಗೆ ಒಂದೊಂದು ಹಳೆಯ ಶಾಲೆಯ ಪುಸ್ತಕಗಳನ್ನಾದರೂ ಪ್ರತಿ ಮಾಡಿಟ್ಟುಕೊಂಡರೆ, ಈ ಲೇಖನದಲ್ಲಿ ಊಹೆಯಿಂದ ಹೇಳಿದ ಕೆಲವು ಮಾತುಗಳನ್ನು ಮುಂದೆ ಬರುವವರು ತಿದ್ದಬಹುದು.