ಅಯಾನು ಕಾಲುವೆಗಳೂ ಉಷ್ಣತೆಯೂ

ಕರುಳು, ರಕ್ತನಾಳಗಳ ಗೋಡೆಯಲ್ಲಿರುವ ನಯ ಸ್ನಾಯು ಸಂಕುಚಿಸುವಾಗ ಅದರ ಜೀವಕೋಶಗಳೊಳಕ್ಕೆ ಕ್ಯಾಲ್ಸಿಯಂ ಅಯಾನುಗಳು ಹರಿಯುತ್ತವೆ. ಪೊರೆಯಲ್ಲಿರುವ ಪ್ರೋಟೀನು ಕಾಲುವೆಗಳೇ ಅವುಗಳ ದಾರಿ. ಈ ಪ್ರವಾಹ ಉಷ್ಣತೆಯೊಂದಿಗೆ ಹೇಗೆ ಬದಲಾಗುತ್ತದೆ? ಈ ಪ್ರಶ್ನೆಯ ಚರಿತ್ರೆ ಆರಂಭವಾಗುವುದು ಸ್ನಾಯುವಿನಿಂದಲ್ಲ, ಸ್ಕ್ವಿಡ್ಡಿನ ದಪ್ಪ ನರತಂತುವಿನಿಂದ. ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಜೀವಿಯ ಬಂಧು ಇದು.

1949ರಲ್ಲಿ ಹಾಜ್‌ಕಿನ್ ಮತ್ತು ಕಾಟ್ಜ್ ಈ ತಂತುವನ್ನು ತಂಪು ಮಾಡಿದಾಗ ನರಸ್ಪಂದನದ ಅವಧಿ ಬಹಳ ಹಿಗ್ಗಿತು. 35ರಿಂದ 40 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಮಾಡಿದಾಗ ಸ್ಪಂದನವೇ ನಿಂತಿತು. ತಂಪು ಮಾಡಿದರೆ ಮರಳಿ ಬಂತು. ಬಳಿಕ ಹಾಜ್‌ಕಿನ್ ಮತ್ತು ಹಕ್ಸ್‌ಲಿ ಪ್ಲಿಮತ್‌ನಲ್ಲಿ ಪೊರೆಯ ವಿಭವವನ್ನು ಸ್ಥಿರವಾಗಿ ಹಿಡಿದಿಟ್ಟು ಪ್ರವಾಹವನ್ನು ಅಳೆದರು. 1952ರ ಅವರ ಲೇಖನಗಳಲ್ಲಿ ಎರಡು ಅಂಶಗಳು ಬೇರೆಯಾಗಿ ಕಂಡವು. ಪ್ರವಾಹ ಏರಿಳಿಯುವ ವೇಗ 10 ಡಿಗ್ರಿಗೆ ಸುಮಾರು 3 ಪಟ್ಟು ಹೆಚ್ಚುತ್ತಿತ್ತು. ಪ್ರವಾಹದ ಪ್ರಮಾಣವಾದರೋ 1ರಿಂದ 1.5 ಪಟ್ಟು ಮಾತ್ರ!

ಭೌತವಿಜ್ಞಾನಿಗೆ ಇದು ಸ್ವಾರಸ್ಯಕರ. ಕೋಣೆಯ ಉಷ್ಣತೆಯ ಬಳಿ 3 ಪಟ್ಟು ಎಂದರೆ ಮೋಲ್ ಒಂದಕ್ಕೆ ಸುಮಾರು 80 ಕಿಲೋಜೂಲ್ ಪ್ರಚೋದನ ಶಕ್ತಿ; 1.3 ಪಟ್ಟು ಎಂದರೆ ಸುಮಾರು 20, ನೀರಿನಲ್ಲಿ ಅಯಾನು ವಿಸರಿಸಲು ಬೇಕಾದಷ್ಟೇ. ಅಂದರೆ ತೆರೆದ ಕಾಲುವೆಯಲ್ಲಿ ಹರಿಯುವುದು ಸುಲಭ. ಬಾಗಿಲು ತೆರೆಯುವುದು ಕಷ್ಟ, ಏಕೆಂದರೆ ಅದಕ್ಕೆ ಪ್ರೋಟೀನು ತನ್ನ ಆಕಾರವನ್ನೇ ಬದಲಿಸಬೇಕು. ಕಾಲುವೆಗಳನ್ನು ಯಾರೂ ಕಂಡಿರದ ಕಾಲದಲ್ಲೇ ಈ ಸುಳಿವು ದೊರೆತದ್ದು ದೊಡ್ಡದು. ಹಕ್ಸ್‌ಲಿ ಕೈಯಿಂದ ತಿರುಗಿಸುವ ಲೆಕ್ಕಯಂತ್ರದಲ್ಲಿ, 6.3 ಡಿಗ್ರಿಯ ಅಳತೆಗಳನ್ನು 18.5 ಡಿಗ್ರಿಗೆ ಹೊಂದಿಸಿ, ಸ್ಪಂದನದ ವೇಗವನ್ನು ಗುಣಿಸಿದರು. ಬಂದ ಉತ್ತರ ಸೆಕೆಂಡಿಗೆ 18.8 ಮೀಟರ್, ಅಳತೆಯಲ್ಲಿ ಕಂಡದ್ದು 21.2.

ನಯ ಸ್ನಾಯುವಿನ ಕೋಶ ಇಷ್ಟು ಸುಲಭಕ್ಕೆ ಒಗ್ಗಲಿಲ್ಲ. ಅದರ ದಪ್ಪ ಕೆಲವೇ ಮೈಕ್ರೋಮೀಟರ್. ಆಕ್ಸ್‌ಫರ್ಡ್‌ನ ಎಡಿತ್ ಬುಲ್‌ಬ್ರಿಂಗ್ 1955ರಲ್ಲಿ ಗಿನಿ ಹಂದಿಯ ದೊಡ್ಡ ಕರುಳಿನ ಸ್ನಾಯುವಿನ ವಿಭವವನ್ನೂ ಅದರ ಬಿಗಿತವನ್ನೂ ಒಟ್ಟಿಗೆ ದಾಖಲಿಸಿದರು. ಒಂಟಿ ಕಾಲುವೆಯ ಪ್ರವಾಹವನ್ನು ನೆಹರ್ ಮತ್ತು ಸಕ್‌ಮನ್ ಕಪ್ಪೆಯ ಸ್ನಾಯುವಿನಲ್ಲಿ ಅಳೆದದ್ದು 1976ರಲ್ಲಿ. 1981ರಲ್ಲಿ ಸುಧಾರಿಸಿದ ಈ ಪ್ಯಾಚ್ ಕ್ಲಾಂಪ್ ವಿಧಾನದಿಂದ ಸಣ್ಣ ಕೋಶಗಳೂ ಕೈಗೆಟುಕಿದವು.

ಇಲ್ಲೊಂದು ತೊಡಕಿದೆ. ಎಷ್ಟೋ ಅಳತೆಗಳು ನಡೆಯುವುದು ಕೋಣೆಯ ಉಷ್ಣತೆಯಲ್ಲಿ, ಸುಮಾರು 22 ಡಿಗ್ರಿಯಲ್ಲಿ. ನಮ್ಮ ದೇಹ 37 ಡಿಗ್ರಿ. ಸ್ಕ್ವಿಡ್ಡಿನ ಗುಣಕಗಳನ್ನೇ ಹಿಡಿದರೆ ಬಾಗಿಲಿನ ವೇಗ ಸುಮಾರು 5.2 ಪಟ್ಟು, ಹರಿವು 1.5 ಪಟ್ಟು. ಪ್ರವಾಹದ ಎತ್ತರ ಹೆಚ್ಚಿದರೂ ಅವಧಿ ಐದನೆಯ ಒಂದಕ್ಕೆ ಇಳಿದರೆ ಒಳಸೇರುವ ಒಟ್ಟು ಆವೇಶ ಕಡಿಮೆಯಾದೀತು! ನಿಜವಾದ ಕಾಲುವೆಗಳಲ್ಲಿ ತೆರೆಯುವ, ಮುಚ್ಚುವ, ನಿಷ್ಕ್ರಿಯವಾಗುವ ಹಂತಗಳಿಗೆ ಬೇರೆ ಬೇರೆ ಗುಣಕಗಳಿರಬಹುದು. ಆದ್ದರಿಂದ ತಂಪಿನಲ್ಲಿ ಪಡೆದ ಆಲೇಖವನ್ನು ಒಂದೇ ಸಂಖ್ಯೆಯಿಂದ ಗುಣಿಸಿ ದೇಹದ ಆಲೇಖವನ್ನು ಪಡೆಯಲಾಗದು.