ಎಂಜಿನ್ ಪಕ್ಕದಲ್ಲಿ ಹುಟ್ಟು

ನಮ್ಮದು ಅರಸೀಕೆರೆ. ಹೊಳೆ ಇಲ್ಲದ ಊರು. ಹೆಸರಿನಲ್ಲಿ ಕೆರೆ ಇದ್ದರೂ ನಮಗೆ ಚೆನ್ನಾಗಿ ಗೊತ್ತಿರೋದು ರೈಲು. ರೈಲಿನ ಎಂಜಿನ್ ಕೆಟ್ಟರೆ ಗಾಡಿ ಹಳಿ ಮೇಲೆ ನಿಲ್ಲುತ್ತೆ. ಬ್ರೇಕಿನ ಗಾಳಿ ಕೊಳವೆ ತುಂಡಾದರೂ ಬ್ರೇಕ್ ತಾನಾಗಿ ಹಿಡಿದುಕೊಳ್ಳುತ್ತೆ. ಜನ ಬೈದುಕೊಂಡು ಟೀ ಹುಡುಕುತ್ತಾರೆ, ಅಷ್ಟೇ. ದೋಣಿಯದ್ದು ಹಾಗಲ್ಲ. ಎಂಜಿನ್ ನಿಂತರೂ ದೋಣಿ ನಿಲ್ಲೋದಿಲ್ಲ. ಗಾಳಿ, ಸೆಳವು ಎಳೆದ ಕಡೆ ಹೋಗುತ್ತೆ. ಅದಕ್ಕೇ ದೋಣಿಯ ಚರಿತ್ರೆ ಓದುವಾಗ ನಾನು ಮೊದಲು ಹುಡುಕೋದು, ಎಂಜಿನ್ ಜೊತೆಗೆ ಇನ್ನೇನಿತ್ತು ಅಂತ.

ಹನ್ನೆರಡನೇ ಶತಮಾನದ ಅಂಬಿಗರ ಚೌಡಯ್ಯನ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಅಂಬಿಗನ ತೋಳೇ ಎಂಜಿನ್. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ತುಂಗಭದ್ರೆಯಲ್ಲಿ ಹದಿನೈದು ಇಪ್ಪತ್ತು ಜನರನ್ನು ದಾಟಿಸುವ ಹರಿಗೋಲು ಕಂಡು ಬರೆದಿಟ್ಟಿದ್ದಾನೆ. ಅಲ್ಲಿ ಮುರಿಯೋದೇನಿದ್ದರೂ ಹುಟ್ಟು. ಒಂದು ಹೆಚ್ಚಿಗೆ ಇಟ್ಟುಕೊಂಡರೆ ಮುಗೀತು.

ಉಗಿ ಬಂದಾಗಲೂ ನಾವಿಕರು ಅದನ್ನು ಪೂರ್ತಿ ನಂಬಲಿಲ್ಲ. 1819ರಲ್ಲಿ ಅಟ್ಲಾಂಟಿಕ್ ದಾಟಿದ 'ಸವಾನಾ' ಉಗಿಹಡಗು ಬಹುಪಾಲು ದಾರಿ ಸಾಗಿದ್ದು ಹಾಯಿಯಲ್ಲೇ. ಪ್ರೊಪೆಲ್ಲರ್ ಒಂದೇ ಇದ್ದಷ್ಟು ಕಾಲ ದೊಡ್ಡ ಹಡಗುಗಳು ಹಾಯಿಯನ್ನು ಬಿಡಲಿಲ್ಲ. ದಂಡ ಮುರಿದರೆ ಗತಿಯೇನು? 1880ರ ದಶಕದ ಕೊನೆಗೆ ಎರಡೆರಡು ಪ್ರೊಪೆಲ್ಲರ್ ಬಂದ ಮೇಲೇ ಹಾಯಿ ಇಳಿದದ್ದು. ಅಂದರೆ ಒಂದು ಆಸರೆ ಬಿಟ್ಟದ್ದು ಇನ್ನೊಂದು ಸಿಕ್ಕ ಮೇಲೆ.

ಸಣ್ಣ ದೋಣಿಗಳಲ್ಲಿ ಈ ಶಿಸ್ತು ಸಡಿಲವಾಯಿತು. 1909ರಲ್ಲಿ ಅಮೆರಿಕದ ಓಲೆ ಎವಿನ್‌ರೂಡ್ ದೋಣಿಯ ಹಿಂಬದಿಗೆ ತಗುಲಿಸುವ ಮೋಟಾರು ಮಾರಲು ಶುರುಮಾಡಿದ. ಅಂಥ ಮೋಟಾರು ನಮ್ಮ ಕರಾವಳಿಯ ನಾಡದೋಣಿಗೂ ಬಂತು, ಸೀಮೆಎಣ್ಣೆ ಕುಡಿದು ಓಡಿತು. ದುಡಿಮೆ ಹಗುರವಾಯಿತು, ನಿಜ. ಆದರೆ ಮೋಟಾರು ಬಂದ ಮೇಲೆ ಹುಟ್ಟು ಯಾಕೆ ಅನ್ನೋ ಮಾತೂ ಅದರ ಹಿಂದೆಯೇ ಬರುತ್ತೆ.

ಅಪಾಯ ಇರೋದು ಅಲ್ಲೇ. ಸಣ್ಣ ಮೋಟಾರಿನ ಪ್ರೊಪೆಲ್ಲರಿಗೆ ಬೇಕೆಂದೇ ಮೆತ್ತನೆಯ ಪಿನ್ ಹಾಕಿರುತ್ತಾರೆ. ಕಲ್ಲು ತಾಗಿದರೆ ಅದು ಮುರಿದು ಗೇರ್ ಉಳಿಸುತ್ತೆ. ಬಿಡಿ ಪಿನ್ ಇಲ್ಲದಿದ್ದರೆ? ಎಂಜಿನ್ ಗುರ್ ಅನ್ನುತ್ತಲೇ ಇರುತ್ತೆ, ದೋಣಿ ಮುಂದೆ ಹೋಗಲ್ಲ. ಎರಡು ಮೋಟಾರು ಇದ್ದರೂ ಒಂದೇ ಟ್ಯಾಂಕಿನ ಎಣ್ಣೆಗೆ ನೀರು ಸೇರಿದರೆ ಎರಡೂ ನಿಲ್ಲುತ್ತವೆ. ಮೊದಲನೆಯದನ್ನು ಕೆಡಿಸಿದ ಕಾರಣ ಎರಡನೆಯದನ್ನೂ ಕೆಡಿಸುವಂತಿದ್ದರೆ ಅದು ಆಸರೆಯೇ ಅಲ್ಲ. ಎಣ್ಣೆ ಬೇಡದ ಹುಟ್ಟು ಬೇಕು. ಎಲ್ಲವೂ ಕೈಕೊಟ್ಟಾಗ ದೋಣಿಯನ್ನು ಇದ್ದಲ್ಲೇ ಹಿಡಿಯಲು, ನೀರಿನ ಆಳಕ್ಕಿಂತ ಹಲವು ಪಟ್ಟು ಉದ್ದದ ಹಗ್ಗವಿರುವ ಲಂಗರು ಬೇಕು. ರೈಲಿನ ಬ್ರೇಕಿಗೆ ಸಮ ಅಂದರೆ ಅದೊಂದೇ.

2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಶರಾವತಿ ಹಿನ್ನೀರು ದಾಟಲು ಲಾಂಚನ್ನೇ ಕಾಯಬೇಕಿಲ್ಲ. ಆದರೂ ನಮ್ಮ ಕಡೆಯವರು ರಜೆಗೆ ಎಲ್ಲಾದರೂ ಮೋಟಾರು ದೋಣಿ ಹತ್ತೇ ಹತ್ತುತ್ತಾರೆ. ಹತ್ತುವಾಗ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಹಾಗೇ ಹುಟ್ಟು ಎಲ್ಲಿದೆ, ಲಂಗರು ಎಲ್ಲಿದೆ ಅಂತಲೂ ಕೇಳಿ. ಎರಡೂ ಇಲ್ಲ ಅಂದರೆ, ಆ ದೋಣಿ ಬಿಡಿ.